ಸ್ಮಾರಕದ ಮಗ, ಮನೆಯ ಸೊಸೆ

ಮಾನ್ಯ ಅಧ್ಯಕ್ಷರೇ, ಸೈನಿಕ ಕಲ್ಯಾಣ ಕಚೇರಿಯ ಮುಖ್ಯಸ್ಥರೂ ಇಂದಿನ ಮುಖ್ಯ ಅತಿಥಿಗಳೂ ಆದ ಸಾಹೇಬರೇ, ಬೆಳಿಗ್ಗೆಯೆಲ್ಲ ಬಿಸಿಲಲ್ಲಿ ನಿಂತು ಈಗ ತೂಕಡಿಸುತ್ತಿರುವ ಸಭಿಕರೇ,

ಗುರುತು ಸಿಗದ ಯೋಧರ ಸ್ಮಾರಕ ಇಂದು ಉದ್ಘಾಟನೆಯಾಯಿತು. ತಾಯಂದಿರ ಪರವಾಗಿ ಎರಡು ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಬೇಕರಿಯವಳು. ಹಿಟ್ಟು ನಾದಿ ಗೊತ್ತೇ ಹೊರತು ಮಾತು ನಾದಿ ಗೊತ್ತಿಲ್ಲ. ಆದರೂ ಬಾಯಿ ಇದೆ, ಮೈಕೂ ಇದೆ.

ನನ್ನ ಮಗ ಯುದ್ಧಕ್ಕೆ ಹೋದಾಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನು ವಾಪಸ್ ಬರಲಿಲ್ಲ, ದೇಹ ಕೂಡ ಬರಲಿಲ್ಲ. ಅಂದಿನಿಂದ ಸೊಸೆ ನನ್ನ ಜೊತೆಗೇ ಇದ್ದಾಳೆ. ತವರಿಗೆ ಹೋಗೇ ಅಂದರೆ, "ನಾನು ಹೋದ್ರೆ ನಿಮ್ಮ ಬ್ರೆಡ್ ಸೀದು ಹೋಗುತ್ತೆ ಅತ್ತೆ" ಅನ್ನುತ್ತಾಳೆ. ಈಚೆಗೆ ಓವನ್ ರಿಪೇರಿಯವನೊಬ್ಬ ಕೆಡದ ಓವನ್ನನ್ನೂ ರಿಪೇರಿ ಮಾಡಲು ಬರುತ್ತಿದ್ದಾನೆ. ನನಗೇನು ಕಣ್ಣಿಲ್ಲವೇ? ಒಳ್ಳೆಯವನು. ಮದುವೆಗೆ ಅವಳು ಒಪ್ಪಿದ್ದಾಳೆ, ನಾನೂ ಒಪ್ಪಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಿಮ್ಮ ಕಚೇರಿ, ಸಾಹೇಬರೇ!

ಮಗನ ಮರಣ ಪತ್ರ ಕೊಡಿ ಅಂದರೆ, "ನಿಮ್ಮ ಮಗ ಸತ್ತಿದ್ದಾನೆ ಅನ್ನೋಕೆ ಆಧಾರ ಇಲ್ಲಮ್ಮ. ನಾಳೆ ವಾಪಸ್ ಬಂದ್ರೆ?" ಅನ್ನುತ್ತಾರೆ ನಿಮ್ಮವರು. ವರ್ಷಗಳಿಂದ ಇದೇ ಮಾತು. ಹಾಗಾದರೆ ಬೆಳಿಗ್ಗೆ "ನಿಮ್ಮ ಮಗನೂ ಇಲ್ಲೇ ಮಲಗಿದ್ದಾನೆ ಅಂದುಕೊಳ್ಳಿ ತಾಯಿ" ಎಂದು ಪುಷ್ಪಚಕ್ರ ಇಟ್ಟಿರಲ್ಲ, ಅದು ಯಾರಿಗೆ? ಸ್ಮಾರಕದಲ್ಲಿ ಸತ್ತವನು ಕಚೇರಿಯಲ್ಲಿ ಬದುಕಿರುತ್ತಾನೆಯೇ? ನಿಮ್ಮ ಭಾಷಣಕ್ಕೆ ಹುತಾತ್ಮ, ಇವಳ ಮದುವೆಗೆ ಮಾತ್ರ ಬದುಕಿರುವ ಗಂಡನೇ?

ಕಾಯುವುದು ಏನೆಂದು ನನಗೆ ಗೊತ್ತು. ಯಾರಾದರೂ ಬಾಗಿಲು ತಟ್ಟಿದರೆ ಇವತ್ತಿಗೂ ನಾನೇ ಓಡುತ್ತೇನೆ. ಅವನ ಶೂ ಈಗಲೂ ಪಾಲಿಶ್ ಮಾಡಿ... ಇರಲಿ, ಅದು ಇಲ್ಲಿ ಆಡುವ ಮಾತಲ್ಲ. ತಾಯಿಯ ಹಟ ತಾಯಿಗಿರಲಿ. ಅದನ್ನು ಆ ಹುಡುಗಿಯ ಕೊರಳಿಗೆ ಕಟ್ಟುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಅವಳು ಅಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ತಲೆ ತಗ್ಗಿಸಬೇಡ ಮಗಳೇ, ನೀನೇನೂ ಕದ್ದಿಲ್ಲ. ಸಾಹೇಬರೇ, ಅವನು ಬರಬಹುದು ಅನ್ನುವುದಾದರೆ ಆ ಪುಷ್ಪಚಕ್ರ ಈಗಲೇ ತೆಗೆಸಿ. ಇಲ್ಲವಾದರೆ ಇಷ್ಟು ಜನರ ಮುಂದೆ ಇವಳ ಮುಖ ನೋಡಿ, "ನಿನ್ನ ಗಂಡ ಸತ್ತಿದ್ದಾನಮ್ಮ" ಎಂದು ಹೇಳಿ. ಹೇಳಿದ್ದನ್ನೇ ನಾಳೆ ಬರೆದುಕೊಡಿ. ಅಲ್ಲಿಯವರೆಗೆ ನಾನು ಈ ವೇದಿಕೆ ಇಳಿಯುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ಮೈಕು ಸಾಹೇಬರ ಕೈಗೆ ಕೊಡುತ್ತಿದ್ದೇನೆ. ಅವರು ಹೇಳಬೇಕಾದ ಮಾತನ್ನು ಇದುವರೆಗೆ ನನಗೂ ಯಾರೂ ಹೇಳಿಲ್ಲ. ಅದನ್ನು ಕೇಳಲೆಂದೇ ಈ ಕುರ್ಚಿ ಹಿಡಿದು ನಿಂತಿದ್ದೇನೆ. ಹೇಳಿ ಸಾಹೇಬರೇ. ನಮಸ್ಕಾರ.