ಜೇನುಹುಟ್ಟಿನಂಥ ಎಲುಬು

ಅವ್ವನ ವಿಷಯ ಹೇಳಿದರೆ, ಅವಳ ಮುಖ ಹೇಗಾಯಿತು ಎಂದು ಕೇಳಿಯೇ ಕೇಳುತ್ತಾರೆ, ಅದಕ್ಕೇನು ಉತ್ತರ? ದಾವಣಗೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕರಿಬಸವರಾಜ ಹಾಗೇ ಕುಳಿತಿದ್ದ. ಪಕ್ಕದಲ್ಲಿ, ಊದಿದ ದವಡೆಗೆ ಸೆರಗು ಹಿಡಿದ ಹೊನ್ನಕ್ಕ ತನ್ನ ತಮ್ಮನೊಡನೆ ಮಾತಾಡುತ್ತಿದ್ದಳು.

“ಹರಿಹರದ ಸಂತ್ಯಾಗೆ ಎರಡು ಹಲ್ಲು ಕೀಳಿಸಿದ್ವಲ್ಲೋ ಗಿಡ್ಡ?”

“ಹಲ್ಲಿಂದಲ್ಲಕ್ಕಾ, ಗಡ್ಡೆ. ಎಕ್ಸ್‌ರೇದಾಗೆ ಎಲುಬು ಜೇನುಹುಟ್ಟಿನಂಗೆ ಐತಂತೆ.”

“ಜೇನಿದ್ದಿದ್ರೆ ನೀನು ಬಿಡ್ತಿದ್ಯಾ?”

“ನಗಬ್ಯಾಡ. ಹುಬ್ಬಳ್ಳ್ಯಾಗೆ ಅರ್ಧ ದವಡೆ ತೆಗೀತಾರೆ. ಬಿಟ್ರೆ ಬೆಳೀತಾನೇ ಇರ್ತೈತಂತೆ.”

“ತೆಗೆಸ್ಕೊಂಡು ಬದುಕಿದೋರು ಒಬ್ಬರನ್ನ ತೋರ್ಸು. ಈಗ್ಲೇ ರೈಲು ಹತ್ತತೀನಿ.”

ಗಿಡ್ಡಪ್ಪ ಎಕ್ಸ್‌ರೇಯನ್ನು ಚೀಲಕ್ಕೆ ಸೇರಿಸಿದ.

“ನಡಿ ಗಿಡ್ಡ, ಊರಿಗೆ ಹೋಗಾನ. ಕುಕ್ಕುವಾಡದ ಬಸ್ಸಿಗೆ ಹೊತ್ತಾತು.”

ಇಬ್ಬರೂ ಎದ್ದು ಗೇಟು ದಾಟಿದರು.

ಕರಿಬಸವರಾಜನ ತಾಯಿಗೂ ಅದೇ ಆಪರೇಷನ್ ಆಗಿತ್ತು; ಮುಖ ಓರೆಯಾದರೂ, ಅವಳು ಎಂಟು ವರ್ಷದಿಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಉಣ್ಣುತ್ತಿದ್ದಾಳೆ. ಅದನ್ನು ಅವನು ಹೇಳಲಿಲ್ಲ.