ಒಂದು ಗೀರೂ ಇಲ್ಲ ಸರ್!

...ಹುಷಾರು ಸರ್, ತಲೆ! ಈ ತಾರಸಿ ಬಾಗಿಲು ಸ್ವಲ್ಪ ಗಿಡ್ಡ. ಹೆಡ್‌ಮೇಡಂ ಆಗಿ ಬಂದ ದಿನವೇ ನಾನೂ ಹಣೆ ಊದಿಸ್ಕೊಂಡಿದ್ದೆ. ಹಾಂ, ಬನ್ನಿ. ನೋಡಿ! ಕೇಂದ್ರದ ದುಡ್ಡಲ್ಲಿ ನೀವು ಕೊಟ್ಟ ಸೋಲಾರ್ ಪ್ಯಾನೆಲ್! ಹಾಕ್ಸಿ ವರ್ಷ ಆಯ್ತು ಅಂದ್ರೆ ಯಾರಾದ್ರೂ ನಂಬ್ತಾರಾ? ಮುಟ್ಟಿ ನೋಡಿ ಸರ್. ಒಂದು ಗೀರೂ ಇಲ್ಲ!

ಯಾಕೆ ಸರ್ ನಗ್ತೀರಾ? ಅಗೋ, ಆ ನಗರಸಭೆ ಕಟ್ಟಡ ನೋಡಿ. ಅವರಿಗೂ ನೀವೇ ಕೊಟ್ಟಿದ್ದು. ಹೇಗಿಟ್ಟಿದಾರೆ? ಧೂಳು, ಕಾಗೆ ಹಿಕ್ಕೆ... ಥೂ! ಸ್ವಂತ ಮನೆ ಸಾಮಾನಾಗಿದ್ರೆ ಹೀಗೆ ಬಿಡ್ತಿದ್ರಾ? ...ಏನು? ಅವರದ್ದು ಕರೆಂಟು ಚೆನ್ನಾಗಿ ಕೊಡ್ತಿದೆಯಾ? ಕೊಡ್ಲಿ ಬಿಡಿ, ನಮಗೇನು ಹೊಟ್ಟೆಕಿಚ್ಚಾ!

ನಮ್ದೂ ಕೊಡುತ್ತೆ ಸರ್! ಕೆಳಗಿನ ಕ್ಲಾಸುಗಳ ಫ್ಯಾನೆಲ್ಲ ಇದರಿಂದ್ಲೇ. ಇನ್ನೊಂದು ಕಂತು ಮಂಜೂರು ಮಾಡಿಸಿದ್ರೆ ಚಿಕ್ಕ ಮಕ್ಕಳಿಗೂ ಗಾಳಿ ಬರುತ್ತೆ. ತಗಡಿನ ಸೂರು ಸರ್ ಅವಕ್ಕೆ. ಮಧ್ಯಾಹ್ನ ಆದ್ರೆ ಪಾಪ, ಬೆಂದೇ ಹೋಗ್ತವೆ.

ಅದಾ? ಆ ಮೂಲೇಲಿರೋದು? ಟಾರ್ಪಾಲು. ಹಗ್ಗ... ತಾರಸಿ ಅಂದ್ಮೇಲೆ ಏನೋ ಬಿದ್ದಿರುತ್ತೆ. ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ, ಕುಂಬಳಕಾಯಿ ಕದ್ದಿದೀನಾ? ಬನ್ನಿ, ಟೀ ಆರಿಹೋಗುತ್ತೆ... ಅಯ್ಯೋ, ಅದೇನು ಗಲಾಟೆ! ಏಯ್ ಮಕ್ಕಳಾ, ಸುಮ್ನಿರ್ರೋ! ...ಏನಿಲ್ಲ ಸರ್, ಆಟ ಮುಗಿಸಿ ಒಳಗೆ ಬಂದ್ವು. ಫ್ಯಾನು ತಿರುಗ್ತಿದೆ ಅಂತ ಕುಣೀತಿವೆ.

ಸರ್? ಯಾಕೆ ಹಾಗೆ ನೋಡ್ತೀರಾ? ದಿನಾ ತಿರುಗೋ ಫ್ಯಾನಿಗೆ... ಹೂಂ. ಯಾರೂ ಕುಣಿಯಲ್ಲ.

ಬೈಯೋದಾದ್ರೆ ಬೈಯಿರಿ! ಹೌದು, ಆ ಟಾರ್ಪಾಲು ಹೊದಿಸಿ ಮುಚ್ಚೇ ಇಟ್ಟಿರ್ತೀನಿ. ನೀವು ಬರ್ತೀರಿ ಅಂತ ಬೆಳಿಗ್ಗೆ ತೆಗೆಸಿದೆ. ಹಿಂದೆ ಕಂಪ್ಯೂಟರ್ ಕೊಟ್ಟಿದ್ರಲ್ಲ, ಮಕ್ಕಳು ಕುಟ್ಟಿ ಕುಟ್ಟಿ ಕಲಿತ್ವು, ಒಂದೆರಡು ಕೆಟ್ಟೂಹೋದ್ವು. ತಪಾಸಣೆಗೆ ಬಂದ ನಿಮ್ಮೋರು 'ಇವರಿಗೆ ಇಟ್ಕೊಳ್ಳೋ ಯೋಗ್ಯತೆ ಇಲ್ಲ' ಅಂತ ಅಷ್ಟನ್ನೂ ಗಾಡಿಗೆ ತುಂಬ್ಕೊಂಡು ಹೋದ್ರು. ಮಕ್ಕಳು ಅಳ್ತಾ ಗೇಟ್ ತನಕ ಓಡಿದ್ವು ಸರ್. ನನ್ನ ಕೈಲಿ ನೋಡೋಕಾಗ್ಲಿಲ್ಲ. ಇದನ್ನೂ ಒಯ್ದುಬಿಟ್ರೆ? ಅದಕ್ಕೇ... ಹೊಸದಾಗೇ ಇರ್ಲಿ ಅಂತ.

ಅರೆ, ಆ ಟಾರ್ಪಾಲು ಯಾಕೆ ಮಡಚ್ತಿದೀರಾ? ಕಂಕುಳಲ್ಲಿ ಇಟ್ಕೊಂಡು ಎಲ್ಲಿಗೆ ಹೊರಟ್ರಿ? ...ಗಾಡಿಗಾ?

ಸರ್... ಅದೊಂದನ್ನೇ ತಾನೇ ಒಯ್ಯೋದು?