ಸಮುದ್ರಕ್ಕೆ ನೀರಗಂಟಿ

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಎಂದಿನ ಹಾಗೆ ನಲ್ಲಿಯಲ್ಲಿ ನೀರು ಬಂತು. ಯಾಮಿನಿ ಕೊಡ ತುಂಬಿದ್ದು ತಿಳಿಯದೆ ನಿಂತೇ ಇದ್ದಳು. ಅತ್ತೆ ಬಂದು ನಲ್ಲಿ ನಿಲ್ಲಿಸಿದರು.

"ಸತ್ತೋರು ಇಸ್ಕೊಂಡಿದ್ದು ಮನೇಲಿರಬಾರ್ದು ಕಣಮ್ಮ. ಆ ದುರ್ಬೀನು ಕೊಟ್ಬಂದ್ಬಿಡು."

ಅವಳ ಗಂಡ ಮುರಳಿಮೋಹನ್ ಮಂಡಿಕಲ್‌ನಲ್ಲಿ ದನದ ಡಾಕ್ಟರಾಗಿದ್ದ. ಕಳೆದ ತಿಂಗಳು ಇಬ್ಬರೂ ಚೆನ್ನೈಯ ಹಳೇ ಬಂದರು ನೋಡಲು ಹೊರಟಾಗ ಮಂಡಿಕಲ್ಲಿನ ಗಂಗುಲಪ್ಪನಿಂದ ದುರ್ಬೀನು ತಂದಿದ್ದ. ವಾಪಸು ಕೊಡುವ ಮೊದಲೇ ಒಂದು ಬೆಳಗ್ಗೆ ಅವನು ನಿದ್ದೆಯಿಂದ ಏಳಲಿಲ್ಲ. ದುರ್ಬೀನಿನ ತಿರುಗಣೆ ಇನ್ನೂ ಅವನ ಕಣ್ಣಿನ ಅಳತೆಗೇ ಇತ್ತು. ಕೊಟ್ಟರೆ ಬೇರೆ ಯಾರೋ ಅದನ್ನು ತಿರುಗಿಸುತ್ತಾರೆ. ಅವಳಿಗೆ ಕೊಡಲು ಮನಸ್ಸಿರಲಿಲ್ಲ. ಆದರೂ ಹೊರಟಳು.

ಮಂಡಿಕಲ್‌ನಲ್ಲಿ ಬಸ್ಸಿಳಿಯುವಾಗ ಮಳೆ ಸುರಿಯುತ್ತಿತ್ತು. ಗಂಗುಲಪ್ಪನ ಜಗಲಿಯ ಮೇಲೆ ಡೈರಿಗೆ ಹಾಲು ಹಾಕಿ ಬಂದವರು ಖಾಲಿ ಕ್ಯಾನುಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದರು. ಅವಳನ್ನು ಕಂಡು ಮಾತು ನಿಂತಿತು.

"ಬಾಮ್ಮ ಡಾಕ್ಟ್ರಮ್ಮ, ನೆನೀಬ್ಯಾಡ" ಎಂದು ಚಿಕ್ಕವೆಂಕಟಮ್ಮ ಜಾಗ ಬಿಟ್ಟಳು. ಆಮೇಲೆ ಮುದುಕ ಗಂಗುಲಪ್ಪನ ಕಡೆ ತಿರುಗಿದಳು. "ತಾತ, ಮಳೆ ಬಿಡೋಗಂಟ ನಿಮ್ಮಣ್ಣನ ಕತೆ ಹೇಳು. ಕೆರೆ ತೂಬು ಯಾರು ಎತ್ತಿದ್ದೂಂತ ಊರೆಲ್ಲ ಕೇಳ್ತಾವ್ರೆ."

"ಹೇಳಿದ್ರೆ ನಗ್ತೀಯ."

"ನಕ್ಕರೆ ನಾಳೆ ನಿಂಗೆ ಅರ್ಧ ಲೀಟರ್ ಹಾಲು ಬಿಟ್ಟಿ. ಹೇಳು."

ಗಂಗುಲಪ್ಪ ಕಂಬಳಿ ಎಳೆದುಕೊಂಡ.

"ನಮ್ಮಣ್ಣ ಮುನಿಶಾಮಪ್ಪ ಈ ಕೆರೆಗೆ ನೀರಗಂಟಿ ಆಗಿದ್ದ... ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟು ನೀರು ಅನ್ನೋದು, ಎಲ್ಲಾ ಅವನದೇ. ಅವನಿಗೊಂದು ಕಟ್ಟಲೆ ಇತ್ತು ಕಣ್ರಪ್ಪ. ನೀರು ಏರೋವಾಗ ನೀರಗಂಟಿ ಕಟ್ಟೆ ಬಿಡಂಗಿಲ್ಲ. ಇನ್ನೊಬ್ಬ ಬಂದು 'ನಾನಿದ್ದೀನಿ, ಹೋಗು' ಅನ್ನಬೇಕು, ಆಗ್ಲೇ ಏಳೋದು. ಹೆಂಡ್ತಿ ಹೆರಿಗೆ ಆದಾಗ್ಲೂ ಯಾರೋ ಬಂದು ಆ ಮಾತಂದ ಮೇಲೇ ಅವನು ಮನೆಗೆ ಬಂದಿದ್ದು... ಒಂದು ವರ್ಷ ಕೆರೇಲಿ ಚೂರೂ ನೀರಿಲ್ಲ. ಕೆಲ್ಸವಿಲ್ಲದೆ ಪೆಚ್ಚಾಗಿ ಕೂತಿದ್ದ. ಬಾ ಅಣ್ಣ, ಮದ್ರಾಸು ನೋಡ್ಕೊಂಡ್ ಬರಣ ಅಂತ ಬಷೀರ್ ಸಾಬರ ಆಲೂಗಡ್ಡೆ ಲಾರಿ ಹತ್ತಿಸ್ದೆ. ಕೊತ್ತವಾಲ್ ಚಾವಡೀಲಿ ಮೂಟೆ ಇಳಿಸಿ, ಬರ್ಮಾ ಬಜಾರಲ್ಲಿ ನಾನು ದುರ್ಬೀನು ತಗೊಂಡು, ಕೋರ್ಟಿನ ಗೋಪುರದ ನೆತ್ತೀಲಿದ್ದ ದೀಪದ ಮನೆ ನೋಡಿ, ಹಡಗಿನ ಹೊಗೆ ನೋಡ್ತಾ ನಡ್ಕೊಂಡು ರಾಯಪುರಂ ಕಡೆ ಬಂದ್ವಿ... ಆವಾಗ ಕಂಡಿದ್ದು ಸಮುದ್ರ. ಅವನು ಏನಂದ ಗೊತ್ತಾ? 'ಲೋ ಗಂಗುಲ, ಇದಕ್ಕೆ ತೂಬು ಎಲ್ಲೋ? ಕೋಡಿ ಎಲ್ಲೋ?' ಅಂದ."

ಜಗಲಿಯಲ್ಲಿ ನಗು ಎದ್ದಿತು. "ಅಗೋ, ಹಾಲು ಕೊಡ್ಬೇಕು ನೀನು!" ಎಂದ ಗಂಗುಲಪ್ಪ. ತಾನೂ ನಕ್ಕ. ಆಮೇಲೆ ಅವನ ದನಿ ತಗ್ಗಿತು.

"ಸಾಯಂಕಾಲ ಅಲೆ ಮೇಲಕ್ಕೆ ಬರೋಕೆ ಶುರುವಾಯ್ತು. ಒಂದು ಬಂಡೆ ಮುಳುಗ್ತು, ಇನ್ನೊಂದು ಮುಳುಗ್ತು... ಅಣ್ಣ ಅಲ್ಲೇ ಕೂತ. ಏಳಪ್ಪಾ ಅಂದ್ರೆ, 'ನೀರು ಏರ್ತಾ ಐತೆ, ಹೆಂಗೋ ಬರ್ಲಿ?' ಅಂತಾನೆ. ಸಮುದ್ರಕ್ಕೆ ನೀರಗಂಟಿಯಾಗಿ ಯಾರು ನಿಲ್ತಾರೆ ಹೇಳಿ? ಯಾರೂ ಆ ಮಾತು ಆಡ್ಲಿಲ್ಲ. ಬೆಳಿಗ್ಗೆ ಬುತ್ತಿ ತಗೊಂಡೋಗಿ ನೋಡಿದ್ರೆ ಕೂತಂಗೇ ಇದ್ದ. ಟವಲು ಹೆಗಲ ಮೇಲೇ ಇತ್ತು. ಉಸಿರು ಮಾತ್ರ ಇರ್ಲಿಲ್ಲ... ಅಲ್ಲೇ ಮಣ್ಣು ಮಾಡಿ ಬಂದ್ವಿ. ಆದ್ರೆ ಆಮೇಲೂ ನಮ್ಮ ಕಡೆ ಲಾರಿಯೋರು ಅವನ್ನ ಅಲ್ಲಿ ನೋಡಿದ್ರು ಕಣ್ರಪ್ಪ. ನಮ್ಮ ಮಾತು ಕಿವಿಗೆ ಬಿದ್ರೆ ಸಾಕು, ಹತ್ರ ಬರೋನಂತೆ. 'ಒಂದ್ ಗಳಿಗೆ ನೋಡ್ಕೋತೀಯೇನಪ್ಪಾ? ನಮ್ಮ ಕೆರೆ ನೋಡ್ಕೊಂಡ್ ಬರ್ತೀನಿ' ಅನ್ನೋನಂತೆ. ಗೊತ್ತಿದ್ದೋರು ಕೈ ಮುಗಿದು ಓಡಿ ಬರೋರು. ಹೂಂ ಅಂದೋನ ಗತಿ ಏನು? ಅವನು ಅಲ್ಲಿ ನಿಲ್ಲಬೇಕಲ್ವಾ?"

ಮಳೆ ಹಂಚಿನ ಮೇಲೆ ಜೋರಾಯಿತು.

"ಈಗ ಕೇಳಿ. ಮೊನ್ನೆ ಆ ದೊಡ್ಡ ಮಳೆಗೆ ಕೆರೆ ತುಂಬಿ ಕಟ್ಟೆ ಜಿನುಗ್ತು. ತುಕ್ಕು ಹಿಡಿದು ಯಾವ ಕಾಲದಿಂದ್ಲೂ ಅಲುಗದಿದ್ದ ತೂಬು ಬೆಳಿಗ್ಗೆ ಹೊತ್ತಿಗೆ ಎದ್ದಿತ್ತು. ಕಾಲುವೆ ಬಾಯಲ್ಲಿ ಸನಿಕೇಲಿ ಮಣ್ಣು ಕೆತ್ತಿತ್ತು, ಎಡಗೈ ಏಟು. ಊರಲ್ಲಿ ಎಡಗೈಲಿ ಸನಿಕೆ ಹಿಡಿಯೋನು ಒಬ್ನೇ ಇದ್ದಿದ್ದು." ಮುದುಕನ ಕಣ್ಣು ತುಂಬಿತು. "ನಮ್ಮಣ್ಣ ಊರಿಗೆ ಬಂದವ್ನೆ ಕಣ್ರೋ. ಇಷ್ಟು ವರ್ಷ ಆದ್ಮೇಲೆ ಬಂದವ್ನೆ."

ಯಾರೂ ನಗಲಿಲ್ಲ. ಗಂಗುಲಪ್ಪ ಕಣ್ಣೊರೆಸಿಕೊಂಡು ಯಾಮಿನಿಯನ್ನು ನೋಡಿದ. ಈಗ ಅವನ ಮುಖದಲ್ಲಿ ಸಂತೋಷದ ಜೊತೆಗೆ ಹೆದರಿಕೆಯೂ ಇತ್ತು.

"ಡಾಕ್ಟ್ರಮ್ಮ... ಮದ್ರಾಸಲ್ಲಿ ಡಾಕ್ಟ್ರಪ್ಪನ್ನ ಯಾರಾದ್ರೂ ಮಾತಾಡ್ಸಿದ್ರಾ?"

ಆ ದಿನ ರಾಯಪುರಂನ ಬಂಡೆಗಳ ಮೇಲೆ ಅವಳೂ ಮುರಳಿಯೂ ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತ ಕೂತಿದ್ದರು. ಮುರಳಿ ಬಂದರಿನಾಚೆಯ ಹಡಗುಗಳನ್ನು ನೋಡುತ್ತ ಒಂದೊಂದರ ಬಣ್ಣ ಹೇಳುತ್ತಿದ್ದ. ಹೆಗಲಿಗೆ ಟವಲು ಹಾಕಿದ ಮುದುಕನೊಬ್ಬ ಬಂದು, ಮಂಡಿಕಲ್ ಕಡೆಯ ಮಾತಿನಲ್ಲಿ ಏನೋ ಕೇಳಿದ. ಅಲೆಯ ಸದ್ದಿನಲ್ಲಿ ಅವಳಿಗೆ ಸರಿಯಾಗಿ ಕೇಳಿಸಿರಲಿಲ್ಲ. ಮುರಳಿ ಯಾರಿಗೂ ಇಲ್ಲ ಎನ್ನದವನು. ಕರು ಹಾಕುವ ಹಸುವಿನ ಪಕ್ಕ ಇಡೀ ರಾತ್ರಿ ಕೂರುವಾಗಲೂ ಆ ಮನೆಯವರಿಗೆ ಅವನು ಹೇಳುತ್ತಿದ್ದದ್ದು ಅದೇ ಮಾತು.

"ನಾನಿದ್ದೀನಿ, ಹೋಗಿ ತಾತ" ಎಂದಿದ್ದ.

ಅವರು ಕತ್ತಲಾಗುವವರೆಗೆ ಕಾದರು. ಮುದುಕ ಬರಲಿಲ್ಲ. ಯಾಮಿನಿಯೇ ಮುರಳಿಯ ಕೈ ಹಿಡಿದು ಎಬ್ಬಿಸಿದ್ದಳು. ಏಳುವಾಗ ಅವನು ಎರಡು ಸಲ ತಿರುಗಿ ನೋಡಿದ.

ಜಗಲಿಯಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೌದು ಎಂದರೆ ಈ ಮುದುಕನ ಅಣ್ಣ ಮನೆಗೆ ಬಂದ ಸಂತೋಷ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ತಾತ" ಎಂದಳು. "ಬರೀ ಹಡಗು ನೋಡಿದ್ವಿ."

ಗಂಗುಲಪ್ಪ ದೊಡ್ಡದಾಗಿ ಉಸಿರು ಬಿಟ್ಟ. "ಹಂಗಾದ್ರೆ ಬೇರೆ ಯಾರೋ... ಯಾವ ತಾಯಿ ಮಗನೋ ಪಾಪ. ಕೆರೆ ನೀರಾದ್ರೆ ಒಂದಿನ ಇಳೀತೈತೆ, ಕಾಯೋನು ಮನೆಗೋಗ್ತಾನೆ. ಅದು ಸಮುದ್ರ ಕಣಮ್ಮ. ಇಳಿದು ಮತ್ತೆ ಏರ್ತೈತೆ. ಈಗ ನಾವು ಇಲ್ಲಿ ಕೂತಿರೋ ಹೊತ್ನಲ್ಲೂ ಅವನು ಅಲ್ಲಿ ಬಂಡೆ ಮೇಲೆ ನಿಂತ್ಕೊಂಡು, ನಮ್ಮ ಮಾತಾಡೋರು ಯಾರಾದ್ರೂ ಬರ್ತಾರೇನೋ ಅಂತ ದಾರಿ ನೋಡ್ತಿರ್ತಾನೆ."

ಯಾಮಿನಿ ಕೊರಳಿನಿಂದ ಪಟ್ಟಿ ತೆಗೆದು, ತಿರುಗಣೆ ಅಲುಗದಂತೆ ದುರ್ಬೀನನ್ನು ಅವನ ಮಡಿಲಲ್ಲಿಟ್ಟಳು.